ಲಾಲ್ ಬಾಗ್ ಅರಮನೆಯ ತೊಲೆಗಳು

1800ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ಕಂಡದ್ದನ್ನೆಲ್ಲ ಹೊಗಳುವ ಪ್ರವಾಸಿಯಲ್ಲ. ಅವನು ವೈದ್ಯ, ಗಿಡಮರಗಳ ಪಂಡಿತ, ಈಸ್ಟ್ ಇಂಡಿಯಾ ಕಂಪನಿಯ ನೌಕರ. ಟಿಪ್ಪುವಿನಿಂದ ಗೆದ್ದ ಸೀಮೆಯಲ್ಲಿ ಏನು ಬೆಳೆಯುತ್ತಾರೆ, ಯಾರು ನೇಯುತ್ತಾರೆ, ಕಬ್ಬಿಣದ ಕುಲುಮೆಗಳು ಎಲ್ಲಿವೆ, ಕೆರೆಗಳ ಸ್ಥಿತಿ ಹೇಗಿದೆ ಎಂದು ನೋಡಿ ಬರೆದು ತರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಮದ್ರಾಸಿನಿಂದ ಕಳಿಸಿದ್ದ. ಶ್ರೀರಂಗಪಟ್ಟಣದ ಕೋಟೆ ಅವನಿಗೆ ಹಿಡಿಸಲಿಲ್ಲ. ಅರ್ಧಕ್ಕೆ ನಿಂತ, ಅಂದವಿಲ್ಲದ, ವಿವೇಚನೆಯಿಲ್ಲದೆ ಪೇರಿಸಿದ ಕಲ್ಲಿನ ರಾಶಿ ಎಂಬ ಅರ್ಥದಲ್ಲಿ ಬರೆದ. ಕೋಟೆಯೊಳಗಿನ ಅರಮನೆಯನ್ನೂ ಅವನು ಮೆಚ್ಚಲಿಲ್ಲ. ಆದರೆ ದ್ವೀಪದ ಪೂರ್ವದ ತುದಿಗೆ ಹೋದಾಗ ಅವನ ಬರವಣಿಗೆಯ ಧಾಟಿಯೇ ಬದಲಾಯಿತು. ಲಾಲ್ ಬಾಗ್ ತೋಟದಲ್ಲಿದ್ದ ಅರಮನೆ ಬರೀ ಮಣ್ಣಿನಲ್ಲಿ ಕಟ್ಟಿದ್ದಾದರೂ, ಈ ದೇಶದವರು ಕಟ್ಟಿದ ಕಟ್ಟಡಗಳಲ್ಲಿ ತಾನು ಅದುವರೆಗೆ ಕಂಡದ್ದರಲ್ಲೆಲ್ಲ ಚೆಲುವಾದದ್ದು ಇದೇ ಎಂದು ಬರೆದಿಟ್ಟ.

ಆ ಮನೆ ಇಂದು ಇಲ್ಲ. ಶ್ರೀರಂಗಪಟ್ಟಣಕ್ಕೆ ಹೋದವರೆಲ್ಲ ಸಂಗಮದ ದಾರಿಯಲ್ಲಿ ಗುಂಬಜ್ ನೋಡುತ್ತಾರೆ. ಕರಿಕಲ್ಲಿನ ನುಣುಪಾದ ಕಂಬಗಳು, ದಂತದ ಕುಸುರಿ ಮಾಡಿದ ಬಾಗಿಲು, ಒಳಗೆ ಹೈದರ್ ಅಲಿ, ಅವನ ಹೆಂಡತಿ ಫಕ್ರುನ್ನಿಸಾ ಮತ್ತು ಮಗ ಟಿಪ್ಪುವಿನ ಗೋರಿಗಳು. ಆ ಸಮಾಧಿ ನಿಂತ ತೋಟವೇ ಲಾಲ್ ಬಾಗ್. ಸಮಾಧಿಗಿಂತ ಆಚೆ ಅಲ್ಲೊಂದು ಅರಮನೆಯೂ ಇತ್ತು ಎಂಬುದು ಬಹಳ ಮಂದಿಗೆ ತಿಳಿಯದು. ತಿಳಿದವರೂ ಅದು 1799ರ ಯುದ್ಧದಲ್ಲಿ ಹಾಳಾಯಿತು ಎಂದುಕೊಳ್ಳುತ್ತಾರೆ. ಹಾಗಾಗಲಿಲ್ಲ. ಎರಡು ಯುದ್ಧಗಳನ್ನು ಆ ಮಣ್ಣಿನ ಗೋಡೆಗಳು ದಾಟಿದವು. ಅದನ್ನು ಇಳಿಸಿದ್ದು ಯುದ್ಧ ಮುಗಿದು ಮೂವತ್ತು ವರ್ಷಗಳ ಹೊತ್ತಿಗೆ, ದೇಶವೆಲ್ಲ ತಣ್ಣಗಿದ್ದಾಗ. ಯಾರ ಮೇಲಿನ ಸಿಟ್ಟಿಗೂ ಅಲ್ಲ, ಮರ ಬೇಕಾಗಿತ್ತು ಎಂಬ ಕಾರಣಕ್ಕೆ.

ಈ ಮನೆಯ ಕಥೆ ಹೇಳಬೇಕಾದರೆ ಮೊದಲು ದ್ವೀಪದ ಸ್ವಭಾವ ಹೇಳಬೇಕು. ಕಾವೇರಿ ಎರಡು ಕವಲಾಗಿ ಸೀಳಿ ಮತ್ತೆ ಕೂಡುವ ನಡುವೆ ಸುಮಾರು ಮೂರು ಮೈಲಿ ಉದ್ದದ ನೆಲ ಇದು. ಪಶ್ಚಿಮದ ತುದಿಯಲ್ಲಿ ರಂಗನಾಥನ ಗುಡಿ, ಅದನ್ನು ಬಳಸಿ ಕೋಟೆ. ನಡುವೆ ಗಂಜಾಮ್. ಪೂರ್ವದ ತುದಿಯಲ್ಲಿ ಸಂಗಮ, ಅದರ ಹತ್ತಿರ ಲಾಲ್ ಬಾಗ್. ಕೋಟೆಯನ್ನು 1454ರಲ್ಲಿ ನಾಗಮಂಗಲದ ತಿಮ್ಮಣ್ಣ ಹೆಬ್ಬಾರ ಕಟ್ಟಿಸಿದನೆಂದೂ, ಅದಕ್ಕೆ ಕಳಸವಾಡಿಯಲ್ಲಿದ್ದ ನೂರೊಂದು ಬಸದಿಗಳ ಕಲ್ಲನ್ನು ಸಾಗಿಸಿ ತಂದನೆಂದೂ ಪ್ರತೀತಿ ಇದೆ. ರೈಸ್ ಅವರ ಮೈಸೂರು ಗ್ಯಾಜೆಟಿಯರ್ ಅದನ್ನು ದಾಖಲಿಸಿದೆ. ಅಂದರೆ ಈ ಊರಿನ ಮೊದಲ ಗೋಡೆಯೇ ಬೇರೊಬ್ಬರ ಕಟ್ಟಡದ ಕಲ್ಲಿನಿಂದ ಎದ್ದದ್ದು ಎಂದು ಊರಿನವರೇ ನಂಬಿದ್ದರು. 1610ರಲ್ಲಿ ವಿಜಯನಗರದ ಪ್ರತಿನಿಧಿ ತಿರುಮಲನ ಕೈಯಿಂದ ರಾಜ ಒಡೆಯರಿಗೆ ಊರು ಬಂತು. ನೂರೈವತ್ತು ವರ್ಷ ಒಡೆಯರ ರಾಜಧಾನಿಯಾಗಿ, 1761ರಿಂದ ಹೈದರನ ಕೈಗೆ ಹೋಯಿತು.

ಅರಸನಿಗೆ ಕೋಟೆಯೊಳಗೆ ಒಂದು ಮನೆ ಇದ್ದೇ ಇರುತ್ತದೆ. ಟಿಪ್ಪುವಿನ ಕೋಟೆ ಅರಮನೆ ಲಾಲ್ ಮಹಲ್. ಅದನ್ನು ನೋಡಿದವರ ವರ್ಣನೆ ಓದಿದರೆ ಉಸಿರು ಕಟ್ಟುತ್ತದೆ. ಎತ್ತರದ ದಪ್ಪ ಗೋಡೆ, ಬಿಗಿ ಕಾವಲು, ಒಳಗಿನ ಚೌಕದಲ್ಲಿ ಒಂದು ಬದಿಗೆ ಮಾತ್ರ ಸುಲ್ತಾನನ ಕೋಣೆಗಳು, ಉಳಿದ ಮೂರು ಬದಿಗೂ ಉಗ್ರಾಣ. ರಾಜ್ಯವನ್ನೇ ಒಂದು ದೊಡ್ಡ ವ್ಯಾಪಾರದ ಮಳಿಗೆಯಂತೆ ನಡೆಸಿದ ಟಿಪ್ಪುವಿಗೆ ಉಗ್ರಾಣ ಕಣ್ಣೆದುರಿಗೇ ಇರಬೇಕಿತ್ತು. ಆದರೆ ಗಾಳಿ, ನೆರಳು, ನೀರಿನ ತಂಪಿಗೆ ಕೋಟೆಯ ಹೊರಗೆ ಹೋಗಬೇಕು. ಹಾಗಾಗಿ ಉತ್ತರದ ಕವಲಿನ ದಂಡೆಯಲ್ಲಿ 1784ರಲ್ಲಿ ದರಿಯಾ ದೌಲತ್ ಎದ್ದಿತು. ಪೂರ್ವಕ್ಕೆ ಲಾಲ್ ಬಾಗ್.

ಲಾಲ್ ಬಾಗ್ ಅರಮನೆ ಹೇಗಿತ್ತು ಎಂದು ಊಹಿಸಲು ನಮಗೆ ಎರಡು ಆಸರೆ ಉಳಿದಿವೆ: ದರಿಯಾ ದೌಲತ್ ಮತ್ತು ಬೆಂಗಳೂರು ಕೋಟೆಯ ಪಕ್ಕದ ಬೇಸಿಗೆ ಅರಮನೆ. ಕಲ್ಲಿನ ಜಗಲಿ, ಅದರ ಮೇಲೆ ಆಳೆತ್ತರವನ್ನು ಮೀರಿದ ತೇಗದ ಕಂಬಗಳು, ಕಂಬದಿಂದ ಕಂಬಕ್ಕೆ ಹೂದಳದಂತೆ ಕೊರೆದ ಕಮಾನು, ಮರದ ಮಾಳಿಗೆ, ಕಂಬಗಳ ನಡುವೆ ಮಣ್ಣಿನ ಗೋಡೆ, ಗೋಡೆಗೆ ಗಾರೆ, ಗಾರೆಯ ಮೇಲೆ ಬಣ್ಣ. ಭಾರವನ್ನೆಲ್ಲ ಹೊರುವುದು ಮರ. ಗೋಡೆ ಬರೀ ಮರೆ. ಬುಕಾನನ್ ಈ ಅರಮನೆಗಳ ಹೊಳಪಿನ ಗುಟ್ಟನ್ನೂ ಕೆಲಸಗಾರರನ್ನೇ ಕರೆಸಿ ಕೇಳಿ ತಿಳಿದ. ನೋಡಲು ಚಿನ್ನದ ಮುಲಾಮಿನಂತಿದ್ದದ್ದು ಚಿನ್ನವಲ್ಲ. ಸೀಸವನ್ನು ಬಡಿದು ತೆಳ್ಳಗೆ ಮಾಡಿ, ಅಂಟಿನ ಜೊತೆ ಸೇರಿಸಿ ಅರೆದು, ಬಳಿದು, ಒಣಗಿದ ಮೇಲೆ ಕಲ್ಲಿನಿಂದ ಉಜ್ಜಿ ನುಣುಪು ಮಾಡುತ್ತಿದ್ದರು. ಅದರ ಮೇಲೆ ಅಗಸೆ ಎಣ್ಣೆ ಮತ್ತು ರಾಳವನ್ನು ಕಾಯಿಸಿ ಮಾಡಿದ ಹಳದಿ ಮೆರುಗೆಣ್ಣೆ ಹಚ್ಚಿದರೆ ಬೆಳ್ಳಗಿನ ಸೀಸ ಬಂಗಾರವಾಗಿ ಕಾಣುತ್ತಿತ್ತು. ಅಗ್ಗ, ಬಾಳಿಕೆಯೂ ಹೆಚ್ಚು. ಈ ವಿವರವನ್ನು ಓದಿದಾಗೆಲ್ಲ ನನಗೆ ಆ ಕೆಲಸಗಾರರ ಬಗ್ಗೆ ಗೌರವ ಹೆಚ್ಚುತ್ತದೆ. ಮಣ್ಣು, ಸೀಸ, ಅಗಸೆ ಎಣ್ಣೆ: ಯಾವುದೂ ದುಬಾರಿಯಲ್ಲ. ದುಬಾರಿಯಾದದ್ದು ತೇಗದ ಮರ ಒಂದೇ. ಕೊನೆಗೆ ಮನೆಯನ್ನು ಮುಗಿಸಿದ್ದೂ ಅದೇ.

ಹೈದರ್ 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ತೀರಿಕೊಂಡ. ಮೊದಲು ಕೋಲಾರಕ್ಕೆ ಒಯ್ದ ದೇಹವನ್ನು ಆಮೇಲೆ ಶ್ರೀರಂಗಪಟ್ಟಣಕ್ಕೆ ತಂದರು. ಲಾಲ್ ಬಾಗ್‌ನಲ್ಲಿ ಗುಂಬಜ್ ಎದ್ದಿತು. ಅಂದಿನಿಂದ ತೋಟದ ಅರಮನೆಗೆ ನೆರೆಯಾಗಿ ಗೋರಿಯಿತ್ತು. ಸಾಲುಸಾಲಾಗಿ ಸೈಪ್ರೆಸ್ ಮರಗಳು, ಅವುಗಳ ನೆರಳಿನಲ್ಲಿ ನೆಟ್ಟಗಿನ ಕಾಲುದಾರಿಗಳು, ಹಣ್ಣಿನ ಗಿಡ, ಹೂವು, ತರಕಾರಿ. ಇದು 1792ರ ಫೆಬ್ರವರಿಯ ಆರಂಭದಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷರು ಕಂಡ ಲಾಲ್ ಬಾಗ್. ಕಂಡು ಬರೆದವನು ಮೇಜರ್ ಅಲೆಕ್ಸಾಂಡರ್ ಡೈರಮ್, ಆಗಿನ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯದ ಅಧಿಕಾರಿ. ಅವನ ಪುಸ್ತಕ ಮರುವರ್ಷವೇ ಲಂಡನ್ನಿನಲ್ಲಿ ಅಚ್ಚಾಯಿತು.

ಆ ಫೆಬ್ರವರಿ 6ರ ರಾತ್ರಿ ಬೆಳದಿಂಗಳಿತ್ತು. ತೋಪುಗಳನ್ನು ಹಿಂದೆ ಬಿಟ್ಟು, ಮೂರು ದಳಗಳಾಗಿ, ಸುಮಾರು ಒಂಬತ್ತು ಸಾವಿರ ಮಂದಿ ಉತ್ತರದ ದಂಡೆಯ ಮುಳ್ಳುಬೇಲಿಯನ್ನು ನುಗ್ಗಿದರು. ಬಲಕ್ಕೆ ಮೆಡೋಸ್, ನಡುವೆ ಸ್ವತಃ ಕಾರ್ನ್‌ವಾಲಿಸ್, ಎಡಕ್ಕೆ ಮ್ಯಾಕ್ಸ್‌ವೆಲ್. ಬೆಳಗಾಗುವುದರೊಳಗೆ ಹೊಳೆ ದಾಟಿದ ತುಕಡಿಗಳು ದ್ವೀಪದ ಪೂರ್ವಾರ್ಧವನ್ನು ಹಿಡಿದಿದ್ದವು. ಕೋಟೆ ಟಿಪ್ಪುವಿನದು, ಗಂಜಾಮ್ ಮತ್ತು ಲಾಲ್ ಬಾಗ್ ಇಂಗ್ಲಿಷರದು. ಒಂದೇ ದ್ವೀಪದ ಮೇಲೆ ಮೂರು ಮೈಲಿಯೊಳಗೆ ಎರಡು ಸರ್ಕಾರ.

ಮನೆಯ ಮಾಲೀಕತ್ವ ಮೊದಲ ಸಲ ಬದಲಾದದ್ದು ಹೀಗೆ. ಹೊಸ ಮಾಲೀಕರಿಗೆ ಮನೆಯಿಂದ ಎರಡು ಉಪಯೋಗ ಕಂಡವು. ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ತೋಟ ಕಟ್ಟಿಗೆಯ ಮೂಲವಾಯಿತು. ಕೋಟೆಗೆ ಮುತ್ತಿಗೆ ಹಾಕಬೇಕಾದರೆ ಕಂದಕ ತುಂಬಲು ಕಟ್ಟಿಗೆಯ ಹೊರೆಗಳು ಬೇಕು, ಮಣ್ಣು ತುಂಬಿ ಮರೆ ಮಾಡಿಕೊಳ್ಳಲು ಹೆಣೆದ ಬುಟ್ಟಿಗಳು ಬೇಕು. ಸುತ್ತಮುತ್ತ ಅಷ್ಟು ಮರ ಬೇರೆಲ್ಲೂ ಇರಲಿಲ್ಲ. ಸೈಪ್ರೆಸ್ ಸಾಲುಗಳಿಗೆ ಕೊಡಲಿ ಬಿತ್ತು. ಡೈರಮ್ ಶತ್ರುಪಾಳೆಯದ ಸೈನಿಕ. ಟಿಪ್ಪುವಿನ ಮೇಲೆ ಅವನಿಗೆ ಮಮತೆ ಇರಲಿಲ್ಲ. ಆದರೂ ಆ ತೋಟ ಬೋಳಾದ ಬಗೆಯನ್ನು ಬರೆಯುವಾಗ ಅವನ ಮಾತಿನಲ್ಲಿ ನೋವಿದೆ. ಕೋಟೆಯ ಬುರುಜಿನ ಮೇಲಿಂದ ಸುಲ್ತಾನ ಇದನ್ನು ನೋಡುತ್ತಿದ್ದಿರಬಹುದು ಎಂಬುದನ್ನೂ ಅವನು ಮರೆಯಲಿಲ್ಲ. ತಂದೆಯ ಗೋರಿಯ ಸುತ್ತಲಿನ ನೆರಳು ಅದು.

ಇಲ್ಲಿ ಒಂದು ಮಾತು ಹೇಳಬೇಕು. ಅದೇ ತಿಂಗಳ ಮಧ್ಯದಲ್ಲಿ ಅಬರ್‌ಕ್ರೋಂಬಿಯ ಬಾಂಬೆ ಸೈನ್ಯ ಕೊಡಗಿನ ಕಡೆಯಿಂದ ಬಂದು ಕೂಡಿಕೊಂಡಿತು. ಬಾಂಬೆ ಸೈನ್ಯದ ಸಿಪಾಯಿಗಳಲ್ಲಿ ಕೊಂಕಣದವರ ಪಾಲು ದೊಡ್ಡದು. ಠಾಣೆ ಖಾಡಿಯ ದಂಡೆಯ ರಬಾಳೆಯಲ್ಲಿ ಕೂತು ಈ ಯುದ್ಧದ ಪುಸ್ತಕಗಳನ್ನು ಓದುವ ನನಗೆ ಅದು ನೆನಪಾಗದೆ ಇರುವುದಿಲ್ಲ. ಈ ತೀರದ ಊರುಗಳ ಹುಡುಗರು ಘಟ್ಟ ಹತ್ತಿ ಕಾವೇರಿಯ ದಂಡೆಗೆ ಹೋಗಿದ್ದರು. ನಾವು ಕನ್ನಡಿಗರು ಆಮೇಲೆ ಹೊಟ್ಟೆಪಾಡಿಗಾಗಿ ಘಟ್ಟ ಇಳಿದು ಇತ್ತ ಬಂದೆವು. ಕನ್ನಡದ ಇತಿಹಾಸ ಕರ್ನಾಟಕದ ಗಡಿಯೊಳಗೇ ಮುಗಿಯುತ್ತದೆ ಎಂದುಕೊಳ್ಳಲು ನನಗೆ ಆಗುವುದಿಲ್ಲ. ಈ ಮನೆಯ ಕಥೆಯೂ ಗಡಿಯೊಳಗೆ ಮುಗಿಯುವುದಿಲ್ಲ.

ಫೆಬ್ರವರಿ ಮುಗಿಯುವಷ್ಟರಲ್ಲಿ ಸಂಧಾನವಾಯಿತು. 26ರಂದು ಟಿಪ್ಪುವಿನ ಇಬ್ಬರು ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಆನೆಗಳ ಮೇಲೆ ಕೋಟೆಯಿಂದ ಹೊರಟು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನ ಡೇರೆಗೆ ಹೋದರು. ಹಿರಿಯವನಿಗೆ ಹತ್ತು ವರ್ಷ. ಮಾರ್ಚ್ 18ರ ಕರಾರಿನಂತೆ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ. ಆ ತಿಂಗಳ ಕೊನೆಗೆ ಸೈನ್ಯ ಹಿಂದೆ ಸರಿಯಿತು. ಲಾಲ್ ಬಾಗ್ ಮತ್ತೆ ಟಿಪ್ಪುವಿಗೆ ಬಂತು. ಮರಗಳಿಲ್ಲದ ತೋಟ, ಆಸ್ಪತ್ರೆಯಾಗಿದ್ದ ಮನೆ. ಆದರೆ ಮನೆ ನಿಂತಿತ್ತು. ಎಂಟು ವರ್ಷಗಳ ಬಳಿಕವೂ, ಇನ್ನೊಂದು ಯುದ್ಧ ಆದ ಮೇಲೂ, ಬುಕಾನನ್‌ನ ಕಣ್ಣಿಗೆ ಅದು ಅತಿ ಚೆಲುವಾಗಿ ಕಂಡಿತು ಎಂಬುದರಿಂದ ಇದು ಸ್ಪಷ್ಟ.

1799ರ ಮುತ್ತಿಗೆ ಬಂದದ್ದು ಪಶ್ಚಿಮದಿಂದ. ಗುಂಡುಗಳು ಬಿದ್ದದ್ದು ಕೋಟೆಯ ವಾಯವ್ಯ ಮೂಲೆಗೆ. ಮೇ 4ರ ಮಧ್ಯಾಹ್ನ ಕೋಟೆ ಬಿತ್ತು, ಟಿಪ್ಪು ಸತ್ತ. ಮರುದಿನ ಸಂಜೆ ಅವನ ಶವವನ್ನು ಅರಮನೆಯ ಸೇವಕರೇ ಹೊತ್ತು ಲಾಲ್ ಬಾಗ್‌ಗೆ ತಂದರು. ಮುಂದೆ ಹಿಂದೆ ಗೋರಾ ಸಿಪಾಯಿಗಳ ತುಕಡಿಗಳು, ನಿಮಿಷಕ್ಕೊಂದು ತೋಪು. ಹಿಂದೆ ಕುದುರೆಯ ಮೇಲೆ ಬಂದವನು ಅಬ್ದುಲ್ ಖಾಲಿಕ್, ಏಳು ವರ್ಷದ ಹಿಂದೆ ಒತ್ತೆಯಾಳಾಗಿ ಇದೇ ಕೋಟೆಯಿಂದ ಹೊರಟಿದ್ದ ಹುಡುಗ. ಬಡವರಿಗೆ ಐದು ಸಾವಿರ ರೂಪಾಯಿ ದಾನ ಹಂಚಿದರು. ಮಣ್ಣು ಮಾಡುವ ಹೊತ್ತಿಗೆ ಭಾರಿ ಗುಡುಗು ಮಳೆ ಬಂದು, ಬಾಂಬೆ ಸೈನ್ಯದ ಪಾಳೆಯದಲ್ಲಿ ಸಿಡಿಲಿಗೆ ಅಧಿಕಾರಿಗಳು ಸತ್ತರು. ಇದನ್ನು ಆ ದಿನ ಅಲ್ಲಿದ್ದವರೇ ಬರೆದಿದ್ದಾರೆ.

ತೋಟದ ಒಡೆಯ ತೋಟಕ್ಕೆ ಮರಳಿದ, ಆದರೆ ಮನೆಗಲ್ಲ. ಅವನ ಸಂಸಾರವನ್ನು ಕೆಲವೇ ವಾರಗಳಲ್ಲಿ ವೇಲೂರಿಗೆ ಸಾಗಿಸಿದರು. 1806ರ ವೇಲೂರು ದಂಗೆಯ ಮೇಲೆ ಅಲ್ಲಿಂದ ಕಲ್ಕತ್ತೆಗೆ. ಇತ್ತ 1799ರ ಜೂನ್ 30ರಂದೇ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ರಾಜಧಾನಿ ಮೈಸೂರಾಯಿತು. ಶ್ರೀರಂಗಪಟ್ಟಣದ ದ್ವೀಪವನ್ನು ಮಾತ್ರ ಕಂಪನಿ ತನ್ನ ಸ್ವತ್ತಾಗಿ ಉಳಿಸಿಕೊಂಡಿತು. ಮೈಸೂರು ಸರ್ಕಾರ ಅದಕ್ಕೆ ವರ್ಷಕ್ಕೆ 50,000 ರೂಪಾಯಿ ಗೇಣಿ ಕಟ್ಟುವ ಏರ್ಪಾಡಿತ್ತು. ಒಡೆಯರು ನೂರೈವತ್ತು ವರ್ಷ ಆಳಿದ ನೆಲಕ್ಕೆ ಒಡೆಯರೇ ಗೇಣಿದಾರರು.

ಈಗ ದ್ವೀಪದ ಮೇಲೆ ಅರಸನಿಲ್ಲದ ಅರಮನೆಗಳು ನಿಂತಿದ್ದವು. ಯಾವುದು ಉಳಿಯಿತು, ಯಾವುದು ಹೋಯಿತು ಎಂದು ಹಿಡಿದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಉಳಿಯುವುದಕ್ಕೂ ಕಟ್ಟಡದ ಗಟ್ಟಿತನಕ್ಕೂ ಸಂಬಂಧವಿಲ್ಲ. ದರಿಯಾ ದೌಲತ್ ಕೂಡ ಮರ, ಮಣ್ಣು, ಬಣ್ಣದ್ದೇ. ಆದರೆ ಅಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್, ಮನೆ ಮಾಡಿಕೊಂಡ. ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರ ಬ್ರಿಟಿಷರ ಸೋಲಿನ ಚಿತ್ರ. ಅದನ್ನೂ ಅವನು ಮತ್ತೆ ಬಣ್ಣ ಹಾಕಿಸಿ ಉಳಿಸಿದ. 1855ರಲ್ಲಿ ಬಂದ ಲಾರ್ಡ್ ಡಾಲ್‌ಹೌಸಿ ವೆಲ್ಲಿಂಗ್ಟನ್ ಇದ್ದ ಮನೆ ಎಂಬ ಅಭಿಮಾನಕ್ಕೆ ಅದನ್ನು ಮತ್ತೆ ದುರಸ್ತಿ ಮಾಡಿಸಿದ. ಗುಂಬಜ್‌ಗೆ ದಂತದ ಬಾಗಿಲು ಕೊಟ್ಟವನೂ ಅವನೇ. ಗುಂಬಜ್ ಗೋರಿ, ಅದಕ್ಕೆ ದೀಪ ಹಚ್ಚುವವರು, ಫಾತಿಹಾ ಓದುವವರು ಇದ್ದರು. ಹೀಗೆ ಒಂದಕ್ಕೆ ಗೆದ್ದವರ ನೆನಪು, ಇನ್ನೊಂದಕ್ಕೆ ಸೋತವರ ಭಕ್ತಿ ಕಾವಲಾಯಿತು. ಲಾಲ್ ಬಾಗ್ ಅರಮನೆಗೆ ಎರಡೂ ಇರಲಿಲ್ಲ. ದೊಡ್ಡ ಹೆಸರಿನ ಬಿಳಿಯ ಅಲ್ಲಿ ವಾಸವಿರಲಿಲ್ಲ. ಸಂಸಾರ ಕಲ್ಕತ್ತೆಯಲ್ಲಿ. ಗೋರಿಯಿಂದ ಕೂಗಳತೆಯಲ್ಲಿದ್ದ ಮನೆ ಯಾರ ಮನೆಯೂ ಅಲ್ಲದಾಯಿತು.

ಊರೂ ಬತ್ತುತ್ತಿತ್ತು. ಟಿಪ್ಪುವಿನ ಕಾಲದಲ್ಲಿ ದ್ವೀಪದ ಮೇಲೆ ಕಡಿಮೆಯೆಂದರೂ ಒಂದೂವರೆ ಲಕ್ಷ ಜನ ಇದ್ದರೆಂದು ಬುಕಾನನ್ ಅಂದಾಜು ಮಾಡಿದ್ದ. ಅವನು ಬಂದಾಗ ಉಳಿದದ್ದು ಸುಮಾರು 32,000. ಅರಮನೆ, ದಂಡು, ಟಂಕಸಾಲೆ, ಕಾರ್ಖಾನೆಗಳನ್ನು ನಂಬಿದ್ದ ಜನ ಅನ್ನ ಹುಡುಕಿ ಹೊರಟಿದ್ದರು. ದಿವಾನ್ ಪೂರ್ಣಯ್ಯ 1804ರಲ್ಲಿ ಉತ್ತರದ ಕವಲಿಗೆ ಕಲ್ಲಿನ ಸೇತುವೆ ಕಟ್ಟಿಸಿ ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟ. ಆ ಸೇತುವೆಯ ಮೇಲೆ ಊರಿಂದ ಹೊರಗೆ ಹೋದವರೇ ಹೆಚ್ಚಿರಬೇಕು. ಚಳಿಜ್ವರ ದಂಡನ್ನು ಬಿಡದೆ ಕಾಡಿತು. 1809ರಲ್ಲಿ ಮದ್ರಾಸ್ ಸೈನ್ಯದ ಬಿಳಿಯ ಅಧಿಕಾರಿಗಳು ತಮ್ಮದೇ ಸರ್ಕಾರದ ವಿರುದ್ಧ ಎದ್ದಾಗ ಶ್ರೀರಂಗಪಟ್ಟಣದ ಕೋಟೆ ಆ ದಂಗೆಯ ಗಟ್ಟಿ ನೆಲೆಯಾಗಿತ್ತು, ಆಗಸ್ಟಿನಲ್ಲಿ ಶರಣಾಯಿತು. ಅಷ್ಟರಲ್ಲಿ ಕಂಪನಿಯ ದಂಡು ಬೆಂಗಳೂರಿನಲ್ಲಿ ಹೊಸ ಕಂಟೋನ್ಮೆಂಟ್ ಕಟ್ಟಿಕೊಂಡು ಅತ್ತ ಸರಿಯುತ್ತಿತ್ತು. ಪಟ್ಟಣದಲ್ಲಿ ಉಳಿದದ್ದರಲ್ಲಿ ಮುಖ್ಯವಾದದ್ದು ತೋಪಿನ ಗಾಡಿಗಳನ್ನು ಮಾಡುವ ಕಾರ್ಖಾನೆ. ಅದರ ಮೇಲ್ವಿಚಾರಕ ಸ್ಕಾಟ್ ಎಂಬ ಅಧಿಕಾರಿ ಹೊಳೆಯ ದಂಡೆಯಲ್ಲಿ ಕಟ್ಟಿಸಿದ ಬಂಗಲೆಯ ಬಗ್ಗೆ, ಅಲ್ಲಿ ಸತ್ತ ಹೆಂಡತಿ ಮಕ್ಕಳ ಬಗ್ಗೆ ಇಂದಿಗೂ ಜನ ಕಥೆ ಹೇಳುತ್ತಾರೆ. ಕಥೆ ಇದ್ದದ್ದರಿಂದ ಆ ಬಂಗಲೆಯ ಹೆಸರಾದರೂ ಉಳಿದಿದೆ.

ಹಳೆಯ ಮನೆಯ ಸಾಮಾನನ್ನು ಹೊಸ ಮನೆಗೆ ಒಯ್ಯುವುದು ಬ್ರಿಟಿಷರು ತಂದ ರೂಢಿಯಲ್ಲ ಎಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು. ಟಿಪ್ಪು ಮೈಸೂರಿನ ಹಳೆಯ ಕೋಟೆ ಮತ್ತು ಊರನ್ನು ಕೆಡವಿಸಿ, ಆ ಕಲ್ಲುಗಳನ್ನು ಪೂರ್ವಕ್ಕೆ ಒಂದು ಮೈಲಿ ದೂರ ಸಾಗಿಸಿ ನಜರ್‌ಬಾದ್ ಕಟ್ಟಲು ಹೊರಟಿದ್ದ. ಅವನು ಸತ್ತ ಮೇಲೆ ಅದೇ ಕಲ್ಲುಗಳು ಅದೇ ದಾರಿಯಲ್ಲಿ ಹಿಂದಕ್ಕೆ ಬಂದು ಮೈಸೂರು ಕೋಟೆಯ ಗೋಡೆಯಾದವು. ಕಲ್ಲು ಹೊತ್ತ ಎತ್ತುಗಳಿಗೂ ಆಳುಗಳಿಗೂ ಎರಡು ಸಲದ ಕೆಲಸ. ಬಸದಿಯ ಕಲ್ಲು ಕೋಟೆಗೆ, ಮೈಸೂರಿನ ಕಲ್ಲು ನಜರ್‌ಬಾದಿಗೆ, ನಜರ್‌ಬಾದಿನ ಕಲ್ಲು ಮೈಸೂರಿಗೆ. ಈ ಸಾಲಿನಲ್ಲಿ ಲಾಲ್ ಬಾಗ್ ಅರಮನೆಯ ಸರದಿ ಕೊನೆಯದು. ಅದು ಹೋದ ದೂರ ಮಾತ್ರ ಎಲ್ಲಕ್ಕಿಂತ ಹೆಚ್ಚು.

ನೀಲಗಿರಿಯ ಮೇಲೆ ಬಿಳಿಯರ ಊರು ಹುಟ್ಟುತ್ತಿದ್ದ ಕಾಲ ಅದು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿದ. ಕೆಲವೇ ವರ್ಷಗಳಲ್ಲಿ ಊಟಿಯಲ್ಲಿ ಅವನ ಕಲ್ಲಿನ ಮನೆ ಎದ್ದಿತು. ಹಿಂದೆಯೇ ಬಡಗರ, ತೋಡರ ನೆಲದ ಮೇಲೆ ಬಂಗಲೆಗಳು ಸಾಲುಗಟ್ಟಿದವು. ಮದ್ರಾಸಿನ ಗವರ್ನರ್ ಸ್ಟೀಫನ್ ರಂಬೋಲ್ಡ್ ಲುಷಿಂಗ್ಟನ್‌ಗೆ ಈ ಊರಿನ ಮೇಲೆ ತುಂಬ ಪ್ರೀತಿ. ಬೆಟ್ಟದ ಮೇಲೆ ಒಂದು ಚರ್ಚು ಬೇಕೆಂದು ಪಟ್ಟುಹಿಡಿದು, 1829ರ ಏಪ್ರಿಲ್ 23ರಂದು ಅಡಿಗಲ್ಲು ಹಾಕಿಸಿದ. ಅದು ರಾಜ ನಾಲ್ಕನೆಯ ಜಾರ್ಜ್‌ನ ಹುಟ್ಟುಹಬ್ಬ ಆಚರಿಸುವ ದಿನ. ಚರ್ಚಿಗೆ ಸಂತ ಸ್ಟೀಫನ್ನನ ಹೆಸರು. ಗವರ್ನರನ ಹೆಸರೂ ಅದೇ. ನಕ್ಷೆ ಮಾಡಿ ಕಟ್ಟಿಸಿದವನು ಕ್ಯಾಪ್ಟನ್ ಜಾನ್ ಜೇಮ್ಸ್ ಅಂಡರ್‌ವುಡ್.

ಇಷ್ಟು ದೊಡ್ಡ ಚರ್ಚಿನ ಮಾಡು ಹೊರಲು ಉದ್ದವಾದ, ಹಣ್ಣಾದ, ಹುಳ ಹಿಡಿಯದ ತೊಲೆಗಳು ಬೇಕು. ಊಟಿಯ ಶೋಲಾ ಕಾಡಿನ ಮರಗಳು ಗಿಡ್ಡ, ಗಂಟುಗಂಟು. ಕೆಳಗಿನ ಕಾಡಿನಲ್ಲಿ ತೇಗ ಉಂಟು, ಆದರೆ ಹಸಿ ತೇಗವನ್ನು ಕಡಿದು ವರ್ಷಗಟ್ಟಲೆ ಒಣಗಿಸಬೇಕು; ಗವರ್ನರನ ಅಧಿಕಾರದ ಅವಧಿ ಅಷ್ಟು ಕಾಯುವುದಿಲ್ಲ. ಮರ ತಿಳಿದವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಮುಂಬೈಯಲ್ಲಿ ಹಳೆಯ ಚಾಳು ಕೆಡವುವಾಗ ಗುತ್ತಿಗೆದಾರ ಎಷ್ಟೋ ಸಲ ಕೂಲಿ ಕೇಳುವುದಿಲ್ಲ, ತಾನೇ ಎದುರು ಹಣ ಕೊಡುತ್ತಾನೆ. ಇಟ್ಟಿಗೆಗೆ ಅಲ್ಲ, ಗೋಡೆಯೊಳಗಿನ ಬರ್ಮಾ ತೇಗಕ್ಕೆ. ನೂರು ವರ್ಷ ಮಾಡಿನ ಕೆಳಗೆ ನೆರಳಿನಲ್ಲಿ ಒಣಗಿದ ತೊಲೆ ಬಾಗುವುದಿಲ್ಲ, ಬಿರಿಯುವುದಿಲ್ಲ. 1829ರಲ್ಲಿ ಕಂಪನಿಯ ಕೈಯಲ್ಲೇ ಅಂಥ ಮರ ಇತ್ತು: ಅರ್ಧ ಶತಮಾನದ ಹತ್ತಿರ ಒಣಗಿ ಹದವಾದ, ಕೊರೆದು ಚೌಕ ಮಾಡಿದ, ಯಾರೂ ವಾಸವಿಲ್ಲದ ಒಂದು ಮನೆಯಲ್ಲಿ ಸುಮ್ಮನೆ ನಿಂತ ತೇಗ.

ಅರಮನೆಯನ್ನು ಬಿಚ್ಚಿದರು. ಕಂಬ, ತೊಲೆಗಳು ಕಾವೇರಿಯ ದಂಡೆಯಿಂದ ಹೊರಟು ಬಯಲು ದಾಟಿ, ಏಳು ಸಾವಿರ ಅಡಿ ಎತ್ತರದ ಊಟಿಗೆ ಏರಿದವು. ಆನೆಗಳು ಎಳೆದುಕೊಂಡು ಹೋದವು ಎಂದು ಊಟಿಯಲ್ಲಿ ಹೇಳುತ್ತಾರೆ. ನಂಬಲು ಕಷ್ಟವಿಲ್ಲ. ಆಗಿನ ಘಟ್ಟದ ದಾರಿಗಳಲ್ಲಿ ಅಂಥ ತೊಲೆಯನ್ನು ಎತ್ತಿನ ಗಾಡಿಯಲ್ಲಿ ತಿರುವು ದಾಟಿಸುವುದು ಆಗದ ಮಾತು. ಚರ್ಚಿನ ಕೆಲಸ ಹದಿನೆಂಟು ತಿಂಗಳಲ್ಲಿ ಮುಗಿಯಿತು. 1830ರ ನವೆಂಬರ್ 5ರಂದು ಕಲ್ಕತ್ತೆಯ ಬಿಷಪ್ ಜಾನ್ ಮಥಾಯಸ್ ಟರ್ನರ್ ಪ್ರತಿಷ್ಠೆ ಮಾಡಿದ. 1831ರ ಏಪ್ರಿಲ್ 3ರ ಈಸ್ಟರ್ ಭಾನುವಾರ ಬಾಗಿಲು ಎಲ್ಲರಿಗೂ ತೆರೆಯಿತು.

ಊಟಿಯ ಮಾರ್ಗದರ್ಶಿಗಳ ಮಾತಿನಲ್ಲಿ ಈ ಮರ ಕೆಲವೊಮ್ಮೆ ಲಾಲ್ ಮಹಲಿನದ್ದಾಗುತ್ತದೆ, ಕೆಲವೊಮ್ಮೆ ಬರೀ ಟಿಪ್ಪುವಿನ ಅರಮನೆಯದ್ದು. ನೀಲಗಿರಿಯ ಇತಿಹಾಸ ಬರೆದ ಹಳೆಯ ಇಂಗ್ಲಿಷ್ ಅಧಿಕಾರಿಗಳು ಲಾಲ್ ಬಾಗ್ ಎನ್ನುತ್ತಾರೆ, ನಾನು ಅದನ್ನೇ ಹಿಡಿದಿದ್ದೇನೆ. ಎರಡು ಹೆಸರೂ ಬೆರೆತುಹೋದದ್ದು ಸಹಜವೂ ಹೌದು, ಏಕೆಂದರೆ ಎರಡು ಅರಮನೆಗಳ ಗತಿಯೂ ಒಂದೇ. ಕೋಟೆಯೊಳಗಿನ ಲಾಲ್ ಮಹಲೂ ಇಳಿದುಹೋಯಿತು. ಅದರ ಉಳಿದ ಭಾಗ ಒಂದಷ್ಟು ಕಾಲ ಶ್ರೀಗಂಧದ ಕೊರಡು ತುಂಬುವ ಉಗ್ರಾಣವಾಗಿತ್ತು. ಇಂದು ರಂಗನಾಥನ ಗುಡಿಯ ಎದುರಿನ ಬಯಲಿನಲ್ಲಿ ಅದರ ಅಡಿಪಾಯದ ಗುರುತು ಕಾಣುತ್ತದೆ.

ಯಾರನ್ನು ದೂರಬೇಕು? ಲುಷಿಂಗ್ಟನ್ ಟಿಪ್ಪುವಿನ ನೆನಪನ್ನು ಅಳಿಸಲು ಇದನ್ನು ಮಾಡಿಸಿದ ಎಂದು ಸಾಧಿಸಿದರೆ ಓದುವವರಿಗೆ ಹಿಡಿಸುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಅಳಿಸಬೇಕೆಂಬ ಹಟ ಇದ್ದಿದ್ದರೆ 1799ರಲ್ಲೇ ಬೆಂಕಿ ಬೀಳುತ್ತಿತ್ತು, ಗುಂಬಜ್ ಕೂಡ ಉಳಿಯುತ್ತಿರಲಿಲ್ಲ. ಇದು ಹಗೆಗಿಂತ ತಣ್ಣಗಿನದು. ಒಂದು ಕಚೇರಿಯ ಲೆಕ್ಕದಲ್ಲಿ ಮನೆ ಮನೆಯಾಗಿ ಉಳಿಯದೆ ಮರದ ದಾಸ್ತಾನಾದದ್ದು. ಅದಕ್ಕಾಗಿಯೇ ನನಗೆ ಇದು ಹೆಚ್ಚು ಸಂಕಟ ಕೊಡುತ್ತದೆ. ಬುಕಾನನ್ ಮೆಚ್ಚಿ ಬರೆದ ಪುಸ್ತಕ 1807ರಲ್ಲಿ ಕಂಪನಿಯ ನಿರ್ದೇಶಕರ ಆಶ್ರಯದಲ್ಲೇ ಲಂಡನ್ನಿನಲ್ಲಿ ಅಚ್ಚಾಗಿತ್ತು. ಈ ಮನೆ ಚೆಲುವಾದದ್ದು ಎಂದು ಕಂಪನಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೂ ಕೆಡವಿದರು. ದರಿಯಾ ದೌಲತ್ತಿನ ಗೋಡೆಗಳ ಮುಂದೆ ನಿಂತು ಮೆಚ್ಚುವ ನಾವು, ಅದಕ್ಕಿಂತ ಚೆಲುವಾದದ್ದು ಕಣ್ಣಳತೆಯಲ್ಲಿ ಇತ್ತು ಎಂದು ಒಬ್ಬ ಕಟ್ಟುನಿಟ್ಟಿನ ಸಾಕ್ಷಿ ಹೇಳಿದ್ದನ್ನು ನೆನಪಿಡಬೇಕು ಎಂಬುದು ನನ್ನ ಆಸೆ. ಶ್ರೀರಂಗಪಟ್ಟಣದ ಬಗ್ಗೆ ನಮ್ಮ ಜಗಳಗಳೆಲ್ಲ ಅರಸರ ಬಗ್ಗೆ. ಗಾರೆ ಬಳಿದ, ಸೀಸ ಬಡಿದ, ತೇಗಕ್ಕೆ ಹೂದಳ ಕೊರೆದ ಕೈಗಳ ಬಗ್ಗೆ ಜಗಳವಿಲ್ಲ, ಮಾತೂ ಇಲ್ಲ.

ಚರ್ಚು ತೆರೆದ ವರ್ಷವೇ, 1831ರಲ್ಲಿ, ನಗರ ಸೀಮೆಯ ರೈತರ ದಂಗೆಯನ್ನು ನೆಪವಾಗಿಸಿ ಕಂಪನಿ ಮುಮ್ಮಡಿಯವರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡಿತು. ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದಾಗ ಶ್ರೀರಂಗಪಟ್ಟಣದ ದ್ವೀಪವೂ ಗೇಣಿಯಿಲ್ಲದೆ ಮೈಸೂರಿಗೆ ಬಂತು. ಬದಲಿಗೆ ಬೆಂಗಳೂರಿನ ದಂಡಿನ ಪ್ರದೇಶವನ್ನು ಬ್ರಿಟಿಷರು ಪಡೆದರು. ಹೀಗೆ ಲಾಲ್ ಬಾಗ್‌ನ ನೆಲ ಒಡೆಯರಿಂದ ಹೈದರನಿಗೆ, ಟಿಪ್ಪುವಿಗೆ, ಏಳು ವಾರ ಕಾರ್ನ್‌ವಾಲಿಸನಿಗೆ, ಮತ್ತೆ ಟಿಪ್ಪುವಿಗೆ, ಕಂಪನಿಗೆ, ಕೊನೆಗೆ ಒಡೆಯರಿಗೆ ಬಂದು ಸುತ್ತು ಮುಗಿಸಿತು.

ಮರದ ಸುತ್ತು ಬೇರೆ. ಅದು ಮದ್ರಾಸ್ ಪ್ರಾಂತ್ಯದ ಆಂಗ್ಲಿಕನ್ ಚರ್ಚಿನ ಸೊತ್ತಾಯಿತು. ಅದರ ಸುತ್ತ ಸಮಾಧಿಗಳು ಬೆಳೆದವು. 1838ರಲ್ಲಿ ತೀರಿಕೊಂಡ ಸಲ್ಲಿವನ್‌ನ ಹೆಂಡತಿ ಹೆನ್ರಿಯೆಟ್ಟಾ ಮತ್ತು ಮಗಳು ಹ್ಯಾರಿಯೆಟ್ ಅಲ್ಲೇ ಮಲಗಿದ್ದಾರೆ. 1947ರಲ್ಲಿ ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆಗಳು ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ ಆದಾಗ ಸಂತ ಸ್ಟೀಫನ್ನನ ಚರ್ಚು ಅದರೊಳಗೆ ಸೇರಿತು. ಈಗ ಆ ತೊಲೆಗಳ ಮಾಲೀಕರು ಊಟಿಯ ಆ ಸಭೆಯವರು. ಭಾನುವಾರದ ಆರಾಧನೆ ಅವುಗಳ ಕೆಳಗೇ ನಡೆಯುತ್ತದೆ.